ಜಮಖಾನೆಯ ಎರಡು ತುದಿ

ನದೀತೀರದ ಆಶ್ರಮವೊಂದರಲ್ಲಿ ಉಳುಕಿಗೆ ಎಣ್ಣೆ ಕಾಯಿಸಿಕೊಡುವ ಗುರುಗಳೊಬ್ಬರಿದ್ದರು. ಅವರ ಬಳಿ ಓದಿ ಬೆಳೆದ ತಿಪ್ಪೇಶನು ಬ್ಯಾಸ್ಕೆಟ್‌ಬಾಲ್ ಆಟವನ್ನೇ ವೃತ್ತಿಯಾಗಿಸಿಕೊಂಡಿದ್ದನು.

ಒಂದು ಮಧ್ಯಾಹ್ನ ಅವನು ಆಶ್ರಮಕ್ಕೆ ಬಂದನು. ಗುರುಗಳು ನೀರಿನಲ್ಲಿ ನಿಂತು ಜಮಖಾನೆ ಒಗೆಯುತ್ತಿದ್ದರು.

"ನಾಳೆ ಕೊನೆಯ ಪಂದ್ಯ, ಗುರುಗಳೇ. ಏಳರಲ್ಲಿ ನಾಲ್ಕು ಗೆದ್ದವರಿಗೆ ಪ್ರಶಸ್ತಿ. ನಾವು ಮೂರು ಗೆದ್ದಿದ್ದೇವೆ, ಅವರೂ ಮೂರು."

"ಆ ಬುಟ್ಟಿಗೆ ಈಗಲಾದರೂ ತಳ ಹಾಕಿಸಿದ್ದಾರೆಯೇ?"

"ಇಲ್ಲ, ಗುರುಗಳೇ."

"ಹಾಗಾದರೆ ಎಷ್ಟು ಹಾಕಿದರೂ ತುಂಬುವುದಿಲ್ಲ. ಸರಿ, ಬಂದ ಕಾರಣ ಹೇಳು."

ತಿಪ್ಪೇಶನು ತಲೆ ತಗ್ಗಿಸಿದನು.

"ಎದುರು ತಂಡದಲ್ಲಿ ಬೋಪಯ್ಯ ಎಂಬವನಿದ್ದಾನೆ. ಆರು ಪಂದ್ಯಗಳಲ್ಲೂ ನನ್ನನ್ನು ತಡೆಯುವುದೇ ಅವನ ಕೆಲಸ. ನಿನ್ನೆ ಅವನ ಕಾಲು ಉಳುಕಿದೆ. ಅವನ ಕಡೆಯವರು ಎಣ್ಣೆ ಕೇಳಿಕೊಂಡು ಇಲ್ಲಿಗೆ ಬರಬಹುದು."

"ಬಂದರೆ?"

"ಮುಗಿದಿದೆ ಎಂದು ಹೇಳಿಬಿಡಿ."

ಗುರುಗಳು ಸಿಟ್ಟಾಗಲಿಲ್ಲ. ಜಮಖಾನೆಯನ್ನು ದಡಕ್ಕೆ ಎಳೆದರು.

"ಅವನು ಬಹಳ ಕಾಡಿದನೇ?"

"ನನ್ನ ಬಲಗಡೆಯ ದಾರಿಯನ್ನೇ ಮುಚ್ಚಿಬಿಟ್ಟ. ಬೇರೆ ದಾರಿ ಕಾಣದೆ ಎಡಗೈಯಲ್ಲಿ ಆಡುವುದನ್ನು ರೂಢಿಸಿಕೊಂಡೆ. ನಿನ್ನೆಯ ಗೆಲುವಿನ ಅಂಕ ಎಡಗೈಯದು."

"ಹತ್ತು ವರ್ಷ ನಿನಗೆ ಪಾಠ ಹೇಳಿದೆ. ನಿನಗೆ ಎಡಗೈ ಇದೆಯೆಂದು ನನಗೇ ಗೊತ್ತಾಗಲಿಲ್ಲ. ಬಾ, ಈ ತುದಿ ಹಿಡಿ. ಹಿಂಡೋಣ."

ಇಬ್ಬರೂ ಎದುರುಬದುರಾಗಿ ನಿಂತು ತಿರುಚಿದರು. ನೀರು ಧಾರೆಯಾಗಿ ಸುರಿಯಿತು. ಮುದುಕರ ಮುಂಗೈ ಬಲಕ್ಕೆ ತಿಪ್ಪೇಶನು ಬೆರಗಾದನು.

ಇದ್ದಕ್ಕಿದ್ದಂತೆ ಗುರುಗಳು ತಮ್ಮ ಹಿಡಿತವನ್ನು ಸಡಿಲಿಸಿದರು.

ತಿಪ್ಪೇಶನು ಇನ್ನೂ ಜೋರಾಗಿ ತಿರುಚಿದನು. ಜಮಖಾನೆ ಇಡಿಯಾಗಿ ಹೊರಳಿತೇ ಹೊರತು ಹನಿ ನೀರೂ ಇಳಿಯಲಿಲ್ಲ.

"ಗಟ್ಟಿಯಾಗಿ ಹಿಡಿಯಿರಿ, ಗುರುಗಳೇ."

"ಏಕೆ? ಈಗ ನಿನಗೆ ಸುಲಭವಲ್ಲವೇ? ಎದುರು ತಿರುಚುವವರೇ ಇಲ್ಲ."

ಒದ್ದೆ ಜಮಖಾನೆಯ ಭಾರ ತಿಪ್ಪೇಶನ ಎರಡೂ ಕೈಗಳಲ್ಲಿ ಜೋತುಬಿದ್ದಿತ್ತು.

ಸ್ವಲ್ಪ ಹೊತ್ತಿನ ಮೇಲೆ ಗುರುಗಳು ಮತ್ತೆ ತಮ್ಮ ತುದಿಯನ್ನು ಬಿಗಿಹಿಡಿದರು. ಹಿಂಡಿ ಮುಗಿಸಿ, ಇಬ್ಬರೂ ಸೇರಿ ಅದನ್ನು ಬಂಡೆಯ ಮೇಲೆ ಹರವಿದರು.

ಗುರುಗಳು ಒಳಗೆ ಹೋಗಿ ಎಣ್ಣೆಯ ಸೀಸೆಯೊಂದನ್ನು ತಂದು ಜಮಖಾನೆಯ ಅಂಚಿನಲ್ಲಿ ಇಟ್ಟರು.

"ಈವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ. ಅವನು ಇಳಿದುಕೊಂಡಿರುವುದು ಎಲ್ಲಿ?"

"ನಾವಿರುವ ಹೋಟೆಲಿನಲ್ಲಿಯೇ. ನಮ್ಮ ಮೇಲಿನ ಮಹಡಿ."

"ಮೆಟ್ಟಿಲು ಹತ್ತಲು ನಿನ್ನ ಕಾಲು ಚೆನ್ನಾಗಿದೆಯಷ್ಟೆ?"

ತಿಪ್ಪೇಶನು ಸೀಸೆಯ ಪಕ್ಕದಲ್ಲಿ ಬಂಡೆಯ ಮೇಲೆ ಕುಳಿತನು. ಕೊನೆಗೆ ಕೈಚಾಚಿ ತೆಗೆದುಕೊಂಡನು. ಎಡಗೈ ಚಾಚಿದ್ದು ಅವನ ಗಮನಕ್ಕೆ ಬರಲಿಲ್ಲ.

"ಗುರುಗಳೇ, ಅವನ ಕಾಲು ನೆಟ್ಟಗಾದರೆ ನಾಳೆ ನಾನು ಸೋಲಬಹುದು."

"ಹಾಗಾದರೆ ಬೇಗ ಹೊರಡು. ಈ ಎಣ್ಣೆ ಕಾಲಿಗೆ ಹಿಡಿಯಲು ಒಂದು ರಾತ್ರಿ ಪೂರ್ತಿ ಬೇಕು."