ಹಲ್ಲಿಗೆ ಹೌದೆಂದ ಗೋಡೆ

ಮನೆಯವರ ಮಾತಿಗೆಲ್ಲ ಲೊಚಗುಟ್ಟಿ ಹೌದೆನ್ನುವುದು ಹಲ್ಲಿಯ ಕೆಲಸ. ಹಲ್ಲಿಯ ಮಾತಿಗೆ ಹೌದೆನ್ನುತ್ತಿದ್ದದ್ದು ಮಾತ್ರ ಖಾಲಿ ಕೋಣೆಯ ಕಾಂಕ್ರೀಟ್ ಗೋಡೆಯೊಂದೇ. ಹಲ್ಲಿ "ಇವತ್ತು ಬಲು ಸೆಕೆ" ಎಂದರೆ ಗೋಡೆಯೂ "ಬಲು ಸೆಕೆ" ಎನ್ನುತ್ತಿತ್ತು. ಇಂಥ ಗೆಳೆಯ ಬೇರೆಲ್ಲಿ ಸಿಕ್ಕಾನು ಎಂದು ಹಲ್ಲಿ ಬೀಗುತ್ತಿತ್ತು.

ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಅದು ಪಕ್ಕದ ಹೊಸ ಕೋಣೆಗೆ ಹೋಯಿತು. ಭಂಗಿ ಗಿಡದ ದಂಟಿನ ಬೆಂಡನ್ನು ಸುಣ್ಣದಲ್ಲಿ ಕಲಸಿ ಅಲ್ಲಿನ ಗೋಡೆ ಕಟ್ಟಿದ್ದರು. ಮೈಗೆ ತಂಪಾಯಿತು. ಆದರೆ ಎಷ್ಟು ಕೂಗಿದರೂ ಮರುದನಿಯಿಲ್ಲ.

"ನಿನಗೆ ಕಿವಿ ಕೇಳುವುದಿಲ್ಲವೇ?" ಎಂದು ಹಲ್ಲಿ ಸಿಡುಕಿತು.

"ಕೇಳಿಸಿತು. ನನ್ನದು ಬೆಂಡಿನ ಮೈ. ಬಂದ ದನಿಯನ್ನು ಹಿಂದಕ್ಕೆ ಎಸೆಯಲು ಬರುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತೇನೆ. ಇಷ್ಟು ಜೋರಾಗಿ ಕೂಗುತ್ತೀಯಲ್ಲ, ನಿನಗೆ ಯಾರೂ ಇಲ್ಲವೇ?" ಎಂದಿತು ಆ ಗೋಡೆ.

ಹಾಗೆಂದು ಹಲ್ಲಿಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅದಕ್ಕೆ ಅವಮಾನವಾಯಿತು. ತಂಪು ಬಿಟ್ಟು ಸರಸರನೆ ಹಳೆಯ ಕೋಣೆಗೆ ಓಡಿ, ಕಾದ ಗೋಡೆಗೆ ಹೊಟ್ಟೆಯೊತ್ತಿ ಕೇಳಿತು: "ನನಗೆ ನೀನಿದ್ದೀಯಾ?"

"ನೀನಿದ್ದೀಯಾ?" ಎಂದಿತು ಗೋಡೆ.

ಹಲ್ಲಿ ಉತ್ತರಕ್ಕಾಗಿ ಕಾದು ಕೂತಿತು. ಹೌದೆನ್ನಲು ಆ ಕೋಣೆಯಲ್ಲಿ ಹಲ್ಲಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.