ಎಮ್ಮೆಯ ಬದಲು ಹಗ್ಗ

ನಂಬೋದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು, ನಾನೇನೂ ಕಾಲು ಹಿಡಿಯುವುದಿಲ್ಲ. ಬರೀ ಒಂದು ಹಗ್ಗ ಹಿಡಿದುಕೊಂಡು ಹೋಗಿ, ಪಾಳೆಯಗಾರನ ಮೀಸೆಗೆ ಕ್ಷೌರಿಕನನ್ನು ಕರೆಸಿದ ಗಂಡು ನಿಮ್ಮ ಊರಿನಲ್ಲಿ ಯಾರಾದರೂ ಇದ್ದಾನೆಯೇ? ಇಲ್ಲ ತಾನೇ? ಕಗ್ಗಲ್ಲುಗಿರಿಯಲ್ಲಿ ಇದ್ದ. ಟಗರು ಸಾಕುವ ಓಬಳೇಶ.

ಕಗ್ಗಲ್ಲುಗಿರಿಯ ಪಾಳೆಯಗಾರ ವೀರಪ್ಪ ನಾಯಕನಿಗೆ ಎರಡು ವಿಷಯದಲ್ಲಿ ಬಲು ಜಂಬ. ಒಂದು, ಕಿವಿಯವರೆಗೆ ಹುರಿ ಮಾಡಿದ ಮೀಸೆ. ಇನ್ನೊಂದು, ಮಾತು.

"ನನ್ನ ಮುದ್ರೆ ಬಿದ್ದದ್ದು ನನ್ನ ಬಾಯಿಂದ ಬಂದ ಹಾಗೆ. ಅದು ಬದಲಾದ ದಿನ ಈ ಮೀಸೆ ಇರೋದಿಲ್ಲ!" ಎಂದು ಊಟಕ್ಕೆ ಕೂತಾಗಲೂ ಹೇಳುತ್ತಿದ್ದ.

ಆ ಮುದ್ರೆ ಒತ್ತಿದ ಹಿತ್ತಾಳೆ ಬಿಲ್ಲೆಗಳನ್ನು ಅರಮನೆಯ ಅಂಗಡಿಯಲ್ಲಿ ಹಂಚುತ್ತಿದ್ದರು. ಅಲ್ಲಿ ಏನು ಕೊಂಡರೂ ಒಂದು ಬಿಲ್ಲೆ. ಒಂದು ಕೊಳಗ ಬಿಲ್ಲೆ ತಂದು ಸುರಿದವರಿಗೆ ಕರೆಯುವ ಎಮ್ಮೆ. ಊರಿಗೆ ಊರೇ ಹುಚ್ಚೆದ್ದಿತು. ಹಲ್ಲಿಲ್ಲದವರು ಕಡಲೆ ಕೊಂಡರು. ತಲೆಯಲ್ಲಿ ಕೂದಲಿಲ್ಲದ ಅಕ್ಕಸಾಲಿ ಮೂರು ಗಡಿಗೆ ಹರಳೆಣ್ಣೆ ಕೊಂಡ.

ಓಬಳೇಶನ ಹುಚ್ಚಿಗೆ ಕಾರಣ ಬೇರೆ. ಅವನು ಮನಸ್ಸು ಕೊಟ್ಟಿದ್ದ ಪಾಲಕ್ಕನ ಅಪ್ಪ ಬೋರಯ್ಯ ಒಂದೇ ಮಾತು ಹೇಳಿದ್ದ. "ಹುಣ್ಣಿಮೆ ಸಂಜೆಯೊಳಗೆ ಹೆಣ್ಣಿನ ತೆರಕ್ಕೆ ಕರೆಯೋ ಎಮ್ಮೆ ತಂದು ನನ್ನ ಬಾಗಿಲಲ್ಲಿ ಕಟ್ಟು. ಇಲ್ಲಾಂದ್ರೆ ಹೊಸಕೆರೆಯವರು ಕಾಯ್ತಾ ಇದಾರೆ."

ಕೊಳಗ ತುಂಬಿತು. ಓಬಳೇಶ ಅದನ್ನು ಹೆಗಲ ಮೇಲೆ ಹೊತ್ತು, ಎದೆ ಉಬ್ಬಿಸಿಕೊಂಡು ಅರಮನೆ ಅಂಗಡಿಗೆ ಹೊರಟ. ದಾರಿಯಲ್ಲೇ ಡಂಗುರ ಎದುರಾಯಿತು.

"ಕೇಳ್ರಪ್ಪೋ ಕೇಳಿ! ನಿಮ್ಮ ಅನುಕೂಲಕ್ಕಾಗಿ ಬಿಲ್ಲೆಯ ಕಟ್ಟಳೆ ಬದಲಾಗಿದೆ! ಉಪ್ಪು, ಜೋಳ, ಎಣ್ಣೆಗೆ ಇನ್ನು ಬಿಲ್ಲೆ ಇಲ್ಲ! ಹಳೇ ಬಿಲ್ಲೆ ಬರೋ ಅಮಾವಾಸ್ಯೆಗೆ ಸಾಯ್ತವೆ! ಕೊಳಗ ಬಿಲ್ಲೆಗೆ ಎಮ್ಮೆಯ ಬದಲು, ಎಮ್ಮೆ ಕಟ್ಟುವ ಹಗ್ಗ!"

ಓಬಳೇಶ ಓಡಿಹೋಗಿ ಅಂಗಡಿಯ ಪಾರುಪತ್ಯಗಾರ ನಂಜರಸಯ್ಯನ ಮುಂದೆ ನಿಂತ. "ಏನ್ ಸ್ವಾಮಿ ಇದು?"

ನಂಜರಸಯ್ಯ ನಶ್ಯ ಏರಿಸಿಕೊಂಡು ಹೇಳಿದ: "ಎಮ್ಮೆ ಅಂದ್ರೆ ಹುಲ್ಲು ಹಾಕಬೇಕು, ಸಗಣಿ ಬಾಚಬೇಕು, ಒದೆ ತಿನ್ನಬೇಕು. ಹಗ್ಗಕ್ಕೆ ಆ ರಗಳೆ ಒಂದೂ ಇಲ್ಲ. ಎಲ್ಲಾ ನಿಮ್ಮ ಅನುಕೂಲ ನೋಡಿಯೇ ಮಾಡಿದ್ದು. ದೊರೆಗಳ ಮುದ್ರೆ ಬಿದ್ದಿದೆ."

ಊರಿನವರು ಕಟ್ಟೆಯ ಮೇಲೆ ಸೇರಿ ಕೂಗಾಡಿದರು. "ಇನ್ನು ಈ ಅಂಗಡಿ ಮೆಟ್ಟಿಲು ಹತ್ತಿದ್ರೆ ಕೇಳಿ!" ಎಂದು ಅಕ್ಕಸಾಲಿ ಗುಡುಗಿದ. ಮರುದಿನ ಬೆಳಿಗ್ಗೆ ಅದೇ ಅಕ್ಕಸಾಲಿ ಅಂಗಡಿಯಲ್ಲಿ ಅರಿಶಿನ ಕೊಳ್ಳುತ್ತಿದ್ದ. ಕೇಳಿದ್ದಕ್ಕೆ, "ಅರ್ಧ ಕೊಳಗ ತುಂಬಿದೆಯಲ್ಲೋ, ಹಗ್ಗಾನಾದ್ರೂ ಬಿಡೋದು ಯಾಕೆ?" ಅಂದ.

ಓಬಳೇಶ ಕೂಗಾಡಲಿಲ್ಲ. ತೆಪ್ಪಗೆ ಬಿಲ್ಲೆ ಸುರಿದು, ಹಗ್ಗ ತಗೊಂಡು ಮನೆಗೆ ಹೋದ. ಕೂಗಾಡುವುದು ಬರೀ ಗಂಟಲಿದ್ದವರ ಕೆಲಸ, ಅವನಿಗೆ ತಲೆಯೂ ಇತ್ತು.

ಅಷ್ಟರಲ್ಲಿ ಅರಮನೆಯಿಂದ ಕರೆ ಬಂತು. ಹುಣ್ಣಿಮೆಯ ದಿನ ಪಕ್ಕದ ಹೊಸಕೆರೆಯ ನಾಯಕ ತನ್ನ ಟಗರು ಹೊಡೆದುಕೊಂಡು ಕಾಳಗಕ್ಕೆ ಬರುವವನಿದ್ದ. ಅದರ ಎದುರು ನಿಲ್ಲುವ ಟಗರು ಇಡೀ ಸೀಮೆಯಲ್ಲಿ ಒಂದೇ, ಓಬಳೇಶನ 'ಸಿಡಿಲ'.

ವೀರಪ್ಪ ನಾಯಕ ತಟ್ಟೆಯಲ್ಲಿ ವೀಳ್ಯ ಚಾಚಿದ. ವೀಳ್ಯ ಎತ್ತಿದವನು ಒಪ್ಪಿದ ಹಾಗೆ, ಹಿಂದೆ ಸರಿಯುವಂತಿಲ್ಲ.

ಓಬಳೇಶ ಕೈ ಚಾಚಿ, ಅಲ್ಲೇ ತಡೆದ. "ಬುದ್ಧೀ, ಒಂದು ಅನುಮಾನ. ಮಾತು ಕೊಟ್ಟು ಆಮೇಲೆ ಬದಲಿಸಿದವನಿಗೆ ಏನು ಶಿಕ್ಷೆ?"

"ತುಂಬಿದ ಸಭೆಯಲ್ಲಿ ಅರ್ಧ ಮೀಸೆ ಬೋಳಿಸ್ತೀನಿ!"

"ಯಾರಾದ್ರೂ ಸರಿಯೇ?"

"ಯಾರಾದ್ರೂ ಸರಿ ಕಣೋ! ನನ್ನ ಸ್ವಂತ ಭಾವಮೈದನಾದ್ರೂ ಸರಿ!"

"ಸಾಕು ಬುದ್ಧೀ," ಎಂದು ಓಬಳೇಶ ವೀಳ್ಯ ಬಾಯಿಗೆ ಹಾಕಿಕೊಂಡ.

ಹುಣ್ಣಿಮೆ ಬಂತು. ಕೋಟೆಯ ಬಯಲಿನಲ್ಲಿ ಕಾಲಿಡಲು ಜಾಗವಿಲ್ಲ. ಹೊಸಕೆರೆಯ ಟಗರು ಕಣದ ನಡುವೆ ನೆಲ ಕೆರೆಯುತ್ತಿತ್ತು. ಓಬಳೇಶ ಬಂದ. ಕೊರಳಲ್ಲಿ ತಮಟೆ, ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಟಗರಿಲ್ಲ.

ಢಂ ಢಂ ಢಂ!

"ಕೇಳ್ರಪ್ಪೋ ಕೇಳಿ! ದೊರೆಗಳ ಅನುಕೂಲಕ್ಕಾಗಿ ವೀಳ್ಯದ ಕಟ್ಟಳೆ ಬದಲಾಗಿದೆ! ಟಗರಿನ ಬದಲು, ಟಗರು ಕಟ್ಟುವ ಹಗ್ಗ!"

ಜನ ಹೋ ಎಂದರು. ಹೊಸಕೆರೆಯ ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ವೀರಪ್ಪ ನಾಯಕನ ಕಣ್ಣು ಕೆಂಡವಾಯಿತು.

"ಎಲವೋ ಓಬಳೇಶ! ಟಗರೆಲ್ಲಿ?"

"ಟಗರು ಅಂದ್ರೆ ಹುಲ್ಲು ಹಾಕಬೇಕು ಬುದ್ಧೀ, ಹಿಕ್ಕೆ ಬಾಚಬೇಕು, ಗುಮ್ಮಿಸ್ಕೋಬೇಕು. ಹಗ್ಗಕ್ಕೆ ಆ ರಗಳೆ ಇಲ್ಲ."

ಗುಂಪಿನಲ್ಲಿದ್ದ ನಂಜರಸಯ್ಯ ಮೆಲ್ಲಗೆ ಕಂಬದ ಮರೆಗೆ ಸರಿದ.

"ವೀಳ್ಯ ತಿಂದು ಮಾತು ಬದಲಿಸ್ತೀಯಾ? ಯಾರಲ್ಲಿ! ಕ್ಷೌರಿಕನ್ನ ಕರೀರಿ! ಇವನ ಅರ್ಧ ಮೀಸೆ ಇಲ್ಲೇ ಬೋಳಿಸಿ!"

ಕ್ಷೌರಿಕ ಕತ್ತಿ ಮಸೆಯುತ್ತಾ ಬಂದ. ಓಬಳೇಶ ಅವನ ಮುಂದೆ ಕೂರಲಿಲ್ಲ. ನೆಲದ ಮೇಲೆ ತನ್ನ ಹೆಗಲ ವಸ್ತ್ರ ಹಾಸಿ, ಪಾಳೆಯಗಾರನ ಕಡೆ ತಿರುಗಿ ಕೈಮುಗಿದ.

"ಬುದ್ಧೀ, ನಾನು ಹಗ್ಗ ತೋರಿಸಿದ್ದು ಇವತ್ತು. ತಾವು ನನಗೆ ಹಗ್ಗ ತೋರಿಸಿದ್ದು ಮೊನ್ನೆ. ಬಿಲ್ಲೆ ಮೇಲೂ ತಮ್ಮದೇ ಮುದ್ರೆ ಇತ್ತು. ಸರದಿ ತಮ್ಮದು. ನಂದು ಚಿಕ್ಕ ಮೀಸೆ, ಕಾಯ್ತೀನಿ."

ಕ್ಷೌರಿಕ ಕತ್ತಿ ಹಿಡಿದುಕೊಂಡು ಇತ್ತ ಒಮ್ಮೆ, ಅತ್ತ ಒಮ್ಮೆ ನೋಡಿದ. ವೀರಪ್ಪ ನಾಯಕನ ಕೈ ತಾನಾಗಿಯೇ ಮೀಸೆಯ ಮೇಲೆ ಹೋಯಿತು. ಬಲಗಡೆಯದ್ದನ್ನು ಮುಟ್ಟಿಕೊಂಡ, ಎಡಗಡೆಯದ್ದನ್ನೂ ಮುಟ್ಟಿಕೊಂಡ. ಆಮೇಲೆ ಆ ಮೀಸೆಯ ಅಡಿಯಿಂದಲೇ ನಗು ಶುರುವಾಗಿ ಇಡೀ ಮೈ ಕುಲುಕಿತು.

"ಕತ್ತಿ ಒಳಗೆ ಇಡೋ! ಲೇ ಓಬಳೇಶ, ನಿನ್ನ ಸಿಡಿಲ ಎಲ್ಲಿ?"

"ಕೋಟೆ ಬಾಗಿಲಲ್ಲೇ ಕಟ್ಟಿದೀನಿ ಬುದ್ಧೀ. ತಮ್ಮ ಕಟ್ಟಳೆ ಹಳೇದಕ್ಕೆ ತಿರುಗಿದ್ರೆ ಅದೂ ಒಳಗೆ ಬರುತ್ತೆ."

ಎರಡೂ ಆದವು. ಹಳೆಯ ಕಟ್ಟಳೆಗೆ ಅಲ್ಲೇ ಮರಳಿ ಡಂಗುರ ಬಿತ್ತು, ಸಾರಿದವನು ನಂಜರಸಯ್ಯ, ತಮಟೆ ಓಬಳೇಶನದೇ. ಸಿಡಿಲ ಮೂರನೇ ಗುದ್ದಿಗೆ ಹೊಸಕೆರೆಯ ಟಗರನ್ನು ಓಡಿಸಿತು. ಅಕ್ಕಸಾಲಿ ಮಾತ್ರ, ಅವಸರಪಟ್ಟು ಹಗ್ಗ ತಗೊಂಡುಬಿಟ್ಟೆನಲ್ಲಾ ಎಂದು ಬಾಯಿ ಬಡಿದುಕೊಂಡ.

ಹೊತ್ತು ಮುಳುಗುವ ಮುಂಚೆ ಬೋರಯ್ಯನ ಬಾಗಿಲಿಗೆ ಓಬಳೇಶ ಹೋದ. ಅರಮನೆಯಿಂದ ಅವನಿಗೆ ಕೊನೆಗೆ ಸಿಕ್ಕಿದ್ದು ಕರುವಿನ ಸಮೇತ ಒಂದು ಎಮ್ಮೆ. ಹಗ್ಗ ಕೊಡಲಿಲ್ಲ, ಅದು ಅವನ ಹತ್ತಿರ ಮೊದಲೇ ಇತ್ತು.