ಕೊಕ್ಕರೆಯ ಗರಿ, ಕೋಳಿಯ ರೆಕ್ಕೆ

ಮಗಳ ಹೆರಿಗೆಯ ಹೊತ್ತಿಗೆ ಕೆರೆಯಾಚೆ ಸೇರಬೇಕೆಂದು ಚಡಪಡಿಸುತ್ತಿದ್ದ ಅಳಿಲಮ್ಮ, ಕೊಕ್ಕರೆಯ ಬೆನ್ನ ಮೇಲೆ ಜಾಗ ಕಾದಿರಿಸಿದ್ದಳು. ಹೊರಡುವ ದಿನ ಬಂದದ್ದು ಮಾತ್ರ ಬಾಲಕ್ಕೆ ಕೊಕ್ಕರೆಯ ಗರಿ ಸಿಕ್ಕಿಸಿಕೊಂಡ ಕೋಳಿ.

"ಕೊಕ್ಕರೆಯವರು ಎಲ್ರೀ?"

"ಹೆಸರು ಅವರದು, ಹಾರಾಟ ನಮ್ಮದು. ನಾವು ಅವರ ಅಂಗಸಂಸ್ಥೆ. ಹತ್ತಿ, ಹತ್ತಿ, ಹೊತ್ತಾಯ್ತು."

ಕೋಳಿ ಪಟಪಟನೆ ರೆಕ್ಕೆ ಬಡಿದು, ದಡದ ಬೇಲಿಯವರೆಗೆ ಹಾರಿ ಕೂತುಬಿಟ್ಟಿತು.

"ಅಯ್ಯೋ, ಮುಂದಕ್ಕೆ?"

"ಮುಂದಿನದನ್ನು ನಮ್ಮ ಅಂಗಸಂಸ್ಥೆ ನೋಡಿಕೊಳ್ಳುತ್ತೆ," ಎಂದು ಕೋಳಿ ಕೆಳಗೆ ತೋರಿಸಿತು. ನೀರಿನಲ್ಲಿ ಆಮೆಯೊಂದು, ಅಂಥದೇ ಗರಿ ಸಿಕ್ಕಿಸಿಕೊಂಡು, ನಿಧಾನವಾಗಿ ಕಣ್ಣು ಮಿಟುಕಿಸಿತು.

ಅಳಿಲಮ್ಮ ಆಚೆ ದಡ ಮುಟ್ಟುವಷ್ಟರಲ್ಲಿ ಮೊಮ್ಮಗು ಹುಟ್ಟಿ, ಕಣ್ಣು ಬಿಟ್ಟು, ಮರ ಹತ್ತುವುದನ್ನೂ ಕಲಿತಿತ್ತು.

ವಾಪಸು ಹೊರಟಾಗ ಕೊಕ್ಕರೆಯೇ ಎದುರು ಬಂದು, "ಈ ಸಲವೂ ನಮ್ಮಲ್ಲೇ ಬನ್ನಿ," ಎಂದು ಕತ್ತು ಬಾಗಿಸಿತು.

"ಬರ್ತೀನಿ. ಆದರೆ ಹಾರೋದು ಯಾರು? ಮೊದಲು ಅವರ ರೆಕ್ಕೆ ತೋರಿಸಿ."